ಬೀಳುವ ಕಸುಬು

"ಈ ಮಾತು ನಿಂದಲ್ಲ ಕಣೇ. ನಿನ್ನೊಳಗೆ ಹೊಕ್ಕಿರೋ ದೆವ್ವದ್ದು," ಎಂದ ಯಜಮಾನ ದೊಡ್ಡಕ್ಕನಿಗೆ. ಅಂದವನು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಅವನ ಮೂಗಿಗೆ ಬಡಿದದ್ದು ದೆವ್ವದ ವಾಸನೆಯಲ್ಲ, ಬ್ಲೀಚಿಂಗ್ ಪುಡಿಯದು. ನಾವು ದಿನವೆಲ್ಲ ಎಳೆದುಕೊಳ್ಳುವ ಗಾಳಿ ಅವನಿಗೆ ಒಂದು ಗಳಿಗೆಯೂ ಒಗ್ಗುವುದಿಲ್ಲ.

ದೊಡ್ಡಕ್ಕನ ಕೈಯಲ್ಲಿ ಶೀಟಿನ ಎರಡು ಮೂಲೆ, ನನ್ನ ಕೈಯಲ್ಲಿ ಇನ್ನೆರಡು. ಆಸ್ಪತ್ರೆಯ ಮಂಚದ ಶೀಟು ಮಡಚಲು ಇಬ್ಬರು ಬೇಕು. ಎಳೆದು ಕೊಡವಿ, ಉದ್ದಕ್ಕೆ ಮಡಚಿ, ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆ ಒಪ್ಪಿಸಬೇಕು. ಈ ಲಾಂಡ್ರಿಯಲ್ಲಿ ನಾವಿಬ್ಬರು ಮೊದಲಿನಿಂದಲೂ ಜೋಡಿ. ಈಗ ಯಜಮಾನ ನಮ್ಮ ನಡುವೆ ನುಗ್ಗಿ ನಿಂತಿದ್ದರಿಂದ ಶೀಟು ಅವನ ಹೊಟ್ಟೆಗೆ ಸುತ್ತಿಕೊಂಡಿತ್ತು. ಬಿಡಿ ಅಂತ ಅವನೂ ಹೇಳಲಿಲ್ಲ, ನಾವೂ ಬಿಡಲಿಲ್ಲ.

ದೊಡ್ಡಕ್ಕ ತಗ್ಗಿದ ದನಿಯಲ್ಲೇ ಹೇಳಿದಳು. "ಸೈತಾನ ಪೈಪು ಒಡೆದ ಅಂದ್ರಿ. ಆಯ್ತು ಸಾರ್, ಒಡೆದ ಅಂತಲೇ ಇಟ್ಕೊಳ್ಳೋಣ. ಹಿಂದಿನ ಬಾಗಿಲಿಗೆ ಹೊರಗಿಂದ ಬೀಗ ಜಡಿದೋನು ಯಾರು? ಸೈತಾನನ ಹತ್ರ ಬೀಗದಕೈ ಇಲ್ವಲ್ಲ. ಅದು ನಿಮ್ಮ ಸೊಂಟದಲ್ಲಿದೆ."

"ನೋಡಿದ್ರಾ ಅಯ್ಯನವರೇ?" ಯಜಮಾನ ಪಕ್ಕಕ್ಕೆ ತಿರುಗಿದ. "ಬರೀ ಎದುರುತ್ತರ. ನಾ ಹೇಳ್ಲಿಲ್ವಾ?"

ಜೊತೆಯಲ್ಲಿ ಬಂದಿದ್ದ ಪಾಸ್ಟರು ಕಣ್ಣು ಮುಚ್ಚಿ ತಲೆಯಾಡಿಸಿದರು. "ದಂಗೆಯ ಆತ್ಮ," ಎಂದರು. "ಬಹಳ ಹಳೇದು. ಬೇರು ಬಿಟ್ಟುಬಿಟ್ಟಿದೆ."

ಯಜಮಾನನಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಅಂಗಿಯಲ್ಲಿ ಒಂದು ಸುಕ್ಕು ಕಾಣುವುದಿಲ್ಲ, ಮನಸ್ಸಿನಲ್ಲಿ ಒಂದು ಮಡಿಕೆ ನೆಟ್ಟಗಿರುವುದಿಲ್ಲ. ಲಾಂಡ್ರಿ ಅವನದು, ನಾವು ಮಲಗುವ ಹಿಂದಿನ ಸಾಲುಮನೆ ಅವನದು, ಲಾಂಡ್ರಿಯ ಮಾಳಿಗೆಯ ಮೇಲಿನ ಪ್ರಾರ್ಥನಾ ಸಭೆಯೂ ಅವನದೇ. ಆ ಸಭೆಗೆ ಅವನು ಹಿರಿಯ. ಪಾಸ್ಟರಿಗೆ ಅವನೇ ಸಂಬಳ ಕೊಡುತ್ತಾನೆ. ದೇವರಿಗೂ ಅವನೇ ಕೊಡುತ್ತಿರಬೇಕು, ಅದಕ್ಕೇ ದೇವರು ಬಾಯಿ ಬಿಡುವುದಿಲ್ಲ ಎಂದು ನಾನು ಒಮ್ಮೆ ಅಂದಾಗ ದೊಡ್ಡಕ್ಕ ಒದ್ದೆ ಕೈಯಲ್ಲಿ ನನ್ನ ಬೆನ್ನಿಗೆ ಬಾರಿಸಿದ್ದಳು.

ಒಣಗಿಸುವ ಕೋಣೆಯ ಹಬೆ ಪೈಪು ಒಡೆದಾಗ ಒಳಗಿದ್ದವಳು ದೊಡ್ಡಕ್ಕನ ತಂಗಿ. ಮುಂದಿನ ಬಾಗಿಲ ಕಡೆ ಹಬೆ, ಹಿಂದಿನ ಬಾಗಿಲಿಗೆ ಬೀಗ. ನಾವು ಶೀಟು ಕದ್ದುಕೊಂಡು ಹೋಗುತ್ತೇವೆ ಎಂದು ಆ ಬೀಗ. ಕಂಡವರ ಕೀವು, ಉಚ್ಚೆ ಹತ್ತಿದ ಶೀಟುಗಳನ್ನು ಕದ್ದು ನಾವು ಯಾವ ಅರಮನೆಯ ಮಂಚಕ್ಕೆ ಹಾಸಬೇಕಿತ್ತೋ. ಅವಳು ಬಾಗಿಲು ಬಡಿದದ್ದು ನಮಗೆಲ್ಲ ಕೇಳಿಸಿತು. ಬೀಗದಕೈ ಬರುವ ಹೊತ್ತಿಗೆ ಬಡಿಯುವುದು ನಿಂತಿತ್ತು. ಎರಡು ತೋಳು, ಕತ್ತು, ಅರ್ಧ ಮುಖ ಬೆಂದುಹೋಗಿತ್ತು.

ಮುಂದಿನ ಭಾನುವಾರ ಇಸ್ತ್ರಿ ಸಭೆಯಲ್ಲಿ ಮೈಕು ಹಿಡಿದು ಅತ್ತ. ದೇವರ ಕೆಲಸ ಮಾಡುವವರ ಮೇಲೆ ಸೈತಾನ ಯುದ್ಧ ಹೂಡಿದ್ದಾನೆ, ಮಾಳಿಗೆಯ ಮೇಲೆ ಸಭೆ ಎದ್ದದ್ದು ಕಂಡು ಅವನಿಗೆ ಹೊಟ್ಟೆ ಉರಿ, ಅದಕ್ಕೇ ಪೈಪು ಒಡೆದ ಎಂದ. ಎಲ್ಲರೂ ಸ್ತೋತ್ರ ಅಂದೆವು. ದೊಡ್ಡಕ್ಕ ಒಬ್ಬಳೇ ಎದ್ದು ಬೀಗದ ಮಾತೆತ್ತಿದಳು. ಆ ಬೀಗ ಇವತ್ತಿಗೂ ಅಲ್ಲೇ ಇದೆ, ಹೆಂಗಸರು ಇವತ್ತಿಗೂ ಆ ಕೋಣೆಯೊಳಗೆ ಕೆಲಸ ಮಾಡುತ್ತಿದ್ದಾರೆ, ಅದನ್ನು ತೆಗೆಸಿ. ಅವಳು ಕೇಳಿದ್ದು ಇಷ್ಟೇ.

"ಬರೋ ಭಾನುವಾರ ನಿನಗೆ ಬಿಡುಗಡೆ ಪ್ರಾರ್ಥನೆ," ಎಂದ ಇಸ್ತ್ರಿ, ಶೀಟಿನಿಂದ ಬಿಡಿಸಿಕೊಳ್ಳುತ್ತ. "ಅಯ್ಯನವರು ತಲೆ ಮೇಲೆ ಕೈ ಇಡ್ತಾರೆ. ದೆವ್ವ ಬಿಟ್ಟುಹೋದ್ರೆ ಸೋಮವಾರ ಕೆಲಸಕ್ಕೆ ಬಾ. ಇಲ್ದಿದ್ರೆ ಗಂಟುಮೂಟೆ ಕಟ್ಟು, ಆಸ್ಪತ್ರೆಯಿಂದ ನಿನ್ನ ತಂಗೀನೂ ಎತ್ಕೊಂಡು ಹೋಗು. ದೆವ್ವ ಸಾಕೋ ಮನೆಯವರಿಗೆ ನಾ ಯಾಕೆ ಖರ್ಚು ಹಾಕ್ಲಿ?"

ದೆವ್ವ ಬಿಟ್ಟಿತು ಎನ್ನುವುದಕ್ಕೆ ನಮ್ಮ ಸಭೆಯಲ್ಲಿ ಗುರುತು ಒಂದೇ. ಪಾಸ್ಟರು ಹಣೆಗೆ ಅಂಗೈ ಇಟ್ಟು ತಳ್ಳುತ್ತಾರೆ, ದೇವರ ಬಲ ಇಳಿದವರು ಹಿಂದಕ್ಕೆ ಬೀಳುತ್ತಾರೆ. ಹಿಡಿಯುವವರು ಹಿಂದೆ ನಿಂತಿರುತ್ತಾರೆ. ಬಿದ್ದ ಹೆಂಗಸರ ಕಾಲಿನ ಮೇಲೆ ಶೀಟು ಹೊದಿಸುತ್ತಾರೆ. ಅದನ್ನೂ ನಾವೇ ಒಗೆದಿರುತ್ತೇವೆ.

ಬೀಳುವುದರಲ್ಲಿ ನನ್ನನ್ನು ಮೀರಿಸುವವರು ಇಲ್ಲ. ಮೊದಲು ಮಂಡಿ ಸಡಿಲ ಬಿಡಬೇಕು. ಗದ್ದ ಎದೆಗೆ ಒತ್ತಬೇಕು, ಇಲ್ಲವಾದರೆ ತಲೆ ಒಡೆಯುತ್ತದೆ. ಕುಂಡೆ ಮೊದಲು ನೆಲ ಮುಟ್ಟಬೇಕು, ಬೆನ್ನು ಆಮೇಲೆ. ಬಿದ್ದ ಮೇಲೆ ಸ್ವಲ್ಪ ನಡುಗಿದರೆ ಪಾಸ್ಟರ ಮುಖ ಅರಳುತ್ತದೆ. ಚೆನ್ನಾಗಿ ಬಿದ್ದವರನ್ನು ಆ ವಾರ ಬಾಯ್ಲರ್ ಪಕ್ಕಕ್ಕೆ ಹಾಕುವುದಿಲ್ಲ, ಮಡಚುವ ಮೇಜಿಗೆ ಹಾಕುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಣ್ಣನೆಯ ನೆಲದ ಮೇಲೆ ಆರಾಮಾಗಿ ಮಲಗಬಹುದು, ಯಾರೂ ಏಳು ಅನ್ನುವುದಿಲ್ಲ. ವಾರದಲ್ಲಿ ನನಗೆ ಸಿಗುವ ರಜೆ ಅದೊಂದೇ. ಅದಕ್ಕೆ ನಾಚಿಕೆಪಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಆ ಸಂಜೆ ದೊಡ್ಡಕ್ಕನ ಕೋಣೆಯಲ್ಲಿ ಚಾಪೆ ಹಾಸಿ ಬಿದ್ದು ತೋರಿಸಿದೆ.

"ನೋಡಕ್ಕ, ಹೀಗೆ. ಒಂದ್ಸಲ ಬಿದ್ದುಬಿಡು. ನಿನ್ನ ಸೊಂಟವೇನು ಸವೆದುಹೋಗಲ್ಲ."

ಅವಳು ನಕ್ಕಳು. "ಎಷ್ಟು ಚೆನ್ನಾಗಿ ಬೀಳ್ತೀಯೇ. ನೋಡಿದ್ರೆ ನನಗೂ ನಿದ್ದೆ ಬರುತ್ತೆ."

"ತಮಾಷೆ ಬೇಡ. ಬೀಳ್ತೀಯೋ ಇಲ್ವೋ ಹೇಳು."

"ದೇವರು ತಳ್ಳಿದ್ರೆ ಬೀಳ್ತೀನಿ, ಹಿಡಿಯೋರೂ ಬೇಡ. ಈ ಬೋಳಿಮಗ ತಳ್ಳಿದ್ರೆ ಯಾಕೆ ಬೀಳ್ಲಿ?"

"ಹೊಟ್ಟೆಪಾಡಿಗೆ ಬಿದ್ದಳು ಅಂತ ದೇವರು ಕ್ಷಮಿಸ್ತಾನೆ ಬಿಡು."

"ಕ್ಷಮಿಸ್ತಾನೆ. ಅದಕ್ಕೇ ನೀ ಬಿದ್ದಾಗೆಲ್ಲ ನಾ ಏನೂ ಅಂದಿಲ್ಲ." ಅವಳು ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು. "ಆದ್ರೆ ನಾ ಬಿದ್ರೆ ಕತೆ ಬೇರೆ. ಬೀಗದ ಮಾತು ಹೇಳಿದ್ದು ನಾನಲ್ಲ, ದೆವ್ವ ಅಂತಾಗುತ್ತೆ. ಅಲ್ಲಿಗೆ ಬೀಗ ಹಾಕಿದೋನು ಯಾರೂ ಇಲ್ಲ ಅಂತಾಯ್ತು. ಯೇಸುವಿನ ಹೆಸರು ಹೇಳ್ಕೊಂಡು ಅಷ್ಟು ದೊಡ್ಡ ಸುಳ್ಳಿನ ಮೇಲೆ ಬೀಳೋಕೆ ನನ್ನ ಕೈಲಾಗಲ್ಲ ಕಣೇ."

ಅವಳ ಭಕ್ತಿ ನನಗೆ ಯಾವತ್ತೂ ಅರ್ಥವಾದದ್ದಲ್ಲ. ಸಭೆಯಲ್ಲಿ ಕೈ ಎತ್ತಿ ಕೂಗುವವಳಲ್ಲ. ತೊಟ್ಟಿಯ ಮುಂದೆ ಕೂತು ರಕ್ತದ ಕಲೆ ಉಜ್ಜುವಾಗ ತುಟಿ ಅಲ್ಲಾಡುತ್ತಿರುತ್ತದೆ. ಏನಕ್ಕ ಎಂದರೆ, ಯಾರ ರಕ್ತವೋ ಏನೋ, ಹುಷಾರಾಗ್ಲಿ ಅಂತ ಕೇಳ್ಕೊಂಡೆ ಅನ್ನುತ್ತಾಳೆ. ನಾನಾದರೆ ಕಲೆ ಹೋಗಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಶನಿವಾರ ಆಸ್ಪತ್ರೆಗೆ ಹೋದೆವು. ತಂಗಿಯ ತೋಳುಗಳು ಬ್ಯಾಂಡೇಜಿನಲ್ಲಿ ಕೊರಡಿನ ಹಾಗೆ ಬಿದ್ದಿದ್ದವು. ಬಾಯಿ ಒಂದೇ ಕಡೆ ತೆರೆಯುತ್ತಿತ್ತು. ಸುದ್ದಿ ಅವಳಿಗೂ ಮುಟ್ಟಿತ್ತು. ಮುಟ್ಟಿಸಿದವರು ಯಾರು ಎಂದು ಕೇಳುವ ಅಗತ್ಯವಿಲ್ಲ.

"ಬಿದ್ದುಬಿಡೇ ಅಕ್ಕ," ಎಂದಳು. "ನನ್ನ ಇಲ್ಲಿಂದ ಹೊರಗೆ ಹಾಕ್ತಾರಂತೆ. ಹೀಗೇ ಎಲ್ಲಿಗೆ ಹೋಗ್ಲಿ?"

ದೊಡ್ಡಕ್ಕ ಮಂಚದ ಪಕ್ಕ ಕೂತಳು. ಚಮಚದಲ್ಲಿ ನೀರು ಹಾಕಿದಳು, ಕಟವಾಯಿ ಒರೆಸಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಮುಗಿಯಿತು, ನಾಳೆ ಬೀಳುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು.

ಭಾನುವಾರ ಪಾಸ್ಟರು ಯುದ್ಧದ ಮೇಲೆ ಪ್ರಸಂಗ ಮಾಡಿದರು. ನೀವೆಲ್ಲ ದೇವರ ಸೈನಿಕರು, ತಲೆಗೆ ಶಿರಸ್ತ್ರಾಣ ಇರಲಿ, ಎದೆಗೆ ಕವಚ ಇರಲಿ, ಕೈಯಲ್ಲಿ ಗುರಾಣಿ ಇರಲಿ ಎಂದರು. ಒಗೆಯುವ ಸೋಡಾ ನೀರಿಗೆ ಒಂದು ಜೊತೆ ಕೈಗವಸು ಕೊಡಿ ಎಂದು ನಾವು ಕೇಳಿ ಕೇಳಿ ಬೆರಳ ಸಂದಿ ಕೊಳೆತುಹೋಗಿತ್ತು. ಕೈಗವಸು ಕೊಡದವರು ಗುರಾಣಿ ಹಂಚುತ್ತಿದ್ದರು. ನಮ್ಮ ಸೈನ್ಯ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಆಕಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಇಸ್ತ್ರಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ದೊಡ್ಡಕ್ಕನನ್ನು ಮುಂದೆ ಕರೆದರು. ಹಿಂದೆ ಹಿಡಿಯಲು ನನ್ನನ್ನು ನಿಲ್ಲಿಸಿದರು, ಕೈಗೆ ಶೀಟು ಕೊಟ್ಟರು. ಬೀಳುವವಳಿಗೆ ಹಿಡಿಯುವುದೂ ಗೊತ್ತಿರುತ್ತದೆ ಎಂದು ಅವರ ಲೆಕ್ಕ.

"ಹೊರಡು, ದಂಗೆಯ ಆತ್ಮವೇ," ಎಂದು ಪಾಸ್ಟರು ಮೈಕಿನಲ್ಲಿ ಗುಡುಗಿ ಅವಳ ಹಣೆಗೆ ಕೈ ಇಟ್ಟು ನೂಕಿದರು. ಅವಳ ತಲೆ ಒಂಚೂರು ಹಿಂದಕ್ಕೆ ಬಂತು. ಪಾದ ಕದಲಲಿಲ್ಲ. ಮತ್ತೆ ನೂಕಿದರು. ನೆನೆದ ಶೀಟಿನ ಮೂಟೆಗಳನ್ನು ಹೊತ್ತು ಮೆಟ್ಟಿಲು ಹತ್ತಿದ ಕಾಲುಗಳು ಅವು. ಮೈಕು ಹಿಡಿದ ಕೈಗೆ ಅಷ್ಟು ಬಲ ಎಲ್ಲಿಂದ ಬರಬೇಕು?

"ನಿನ್ನ ಹೆಸರೇನು ಹೇಳು, ದೆವ್ವವೇ," ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು.

"ನಾನು ಬಟ್ಟೆ ಒಗೆಯೋಳು ಅಯ್ಯನವರೇ. ನಿಮ್ಮ ಈ ಮೇಜಿನ ಮೇಲಿನ ಬಟ್ಟೆ ನಾನೇ ಒಗೆದದ್ದು." ಮೈಕನ್ನು ತಾನೂ ಹಿಡಿದುಕೊಂಡಳು. "ನನ್ನ ಕರ್ತನ ಹೆಸರಲ್ಲೇ ಕೇಳ್ತೀನಿ, ಒಣಗಿಸೋ ಕೋಣೆ ಬೀಗ ತೆಗೆಸಿ. ಇವತ್ತೇ ತೆಗೆಸಿ. ಆಮೇಲೆ ನನ್ನೊಳಗೆ ಏನಿದೆಯೋ ಹುಡುಕ್ಕೊಳ್ಳಿ."

ಪಾಸ್ಟರು ಮೈಕನ್ನು ಕಿತ್ತುಕೊಂಡರು. ಕುರ್ಚಿಗಳಲ್ಲಿ ಆಕಳಿಕೆ ನಿಂತಿತು. ಹಿಂದಿನಿಂದ ಯಾರೋ, ಬೀಳಮ್ಮಾ, ತಂಗಿ ಮುಖ ನೋಡಿ ಬೀಳಮ್ಮಾ ಎಂದು ಅಳುತ್ತಿದ್ದರು. ದೊಡ್ಡಕ್ಕನ ಕಣ್ಣಲ್ಲೂ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಹಾಗೇ ನಿಂತಿದ್ದಳು.

ಇಸ್ತ್ರಿ ಎದ್ದು ಬಂದ. ಪ್ರಾರ್ಥನೆ ಮಾಡುವವನ ಹಾಗೆ ಕಣ್ಣು ಮುಚ್ಚಿಕೊಂಡು ನನ್ನ ಕಿವಿಯ ಹತ್ತಿರ ಬಾಯಿ ತಂದ. "ಮಂಡಿ ಹಿಂದೆ ಒಂದು ಒದಿಯೇ. ಶೀಟು ಅಡ್ಡ ಇದೆ, ಯಾರಿಗೂ ಕಾಣಲ್ಲ."

ನಾನು ಕೇಳಿಸದವಳ ಹಾಗೆ ಶೀಟು ಹಿಡಿದು ನಿಂತೆ. 

ಪಾಸ್ಟರಿಗೆ ಒಂದು ಗೆಲುವು ಬೇಕಾಗಿತ್ತು, ಅದೂ ಬೇಗ ಬೇಕಾಗಿತ್ತು. "ಈಕೆ ಹೃದಯ ಕಲ್ಲು ಮಾಡಿಕೊಂಡಿದ್ದಾಳೆ," ಎಂದರು. "ನಂಬುವವರ ಮೇಲೆ ಆತ್ಮನ ಬಲ ಹೇಗೆ ಇಳಿಯುತ್ತದೆ, ಎಲ್ಲರೂ ನೋಡಿ." ಅಂದವರು ದೊಡ್ಡಕ್ಕನನ್ನು ಸುತ್ತುಹಾಕಿ ನನ್ನ ಮುಂದೆ ಬಂದರು. ಇಬ್ಬರು ಹೆಂಗಸರು ಓಡಿಬಂದು ನನ್ನ ಹಿಂದೆ ತೋಳು ಚಾಚಿ ನಿಂತರು. ಸಭೆಗೆ ಹೋದ ಜೀವ ಬಂದಂತಾಯಿತು. ಇವಳಾದರೆ ಗ್ಯಾರಂಟಿ ಎಂದು ಎಲ್ಲರಿಗೂ ಗೊತ್ತು.

ಅಂಗೈ ನನ್ನ ಹಣೆಗೆ ಬಂತು. ಮೆತ್ತಗಿತ್ತು, ಸೆಂಟಿನ ವಾಸನೆ ಹೊಡೆಯುತ್ತಿತ್ತು. ಮಂಡಿ ತಾನಾಗಿಯೇ ಸಡಿಲವಾಯಿತು, ಗದ್ದ ತಾನಾಗಿಯೇ ಕೆಳಗಿಳಿಯಿತು. ಬಿದ್ದರೆ ಸೋಮವಾರ ಮಡಚುವ ಮೇಜು, ಇಲ್ಲವಾದರೆ ಬೀದಿ. ಬೀಳುವವಳೇ ಇದ್ದೆ. ಆಗ ಪಾಸ್ಟರ ಮುಖ ನೋಡಿದೆ, ಅವರ ಹೆಗಲ ಮೇಲಿಂದ ಇಸ್ತ್ರಿಯ ಮುಖವನ್ನೂ ನೋಡಿದೆ. ಇವಳು ಬಿದ್ದೇ ಬೀಳುತ್ತಾಳೆ ಎನ್ನುವ ನಂಬಿಕೆ ಎರಡು ಮುಖದ ಮೇಲೂ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ದೇವರ ಮೇಲೂ ಅವರಿಗೆ ಅಷ್ಟು ನಂಬಿಕೆ ಇದ್ದಿರಲಾರದು. ನನಗೆ ಹೇಸಿಗೆಯಾಯಿತು.

ಗದ್ದ ಎತ್ತಿದೆ. ಹಿಮ್ಮಡಿ ನೆಲಕ್ಕೆ ಒತ್ತಿದೆ.

ಪಾಸ್ಟರು ನೂಕಿದರು. ಏನೋ ತಪ್ಪಾಗಿದೆ ಎಂದುಕೊಂಡು ಇನ್ನೊಮ್ಮೆ ನೂಕಿದರು. ಬೆರಳು ನನ್ನ ನೆತ್ತಿಯ ಕೂದಲಲ್ಲಿ ಸಿಕ್ಕಿಕೊಂಡಿತು. ಹತ್ತಿರ ಬಾಗಿ ಹಲ್ಲು ಕಚ್ಚಿ ಪಿಸುಗುಟ್ಟಿದರು, ಎಡಗೈಯ ಮೈಕು ಗದ್ದದ ಪಕ್ಕದಲ್ಲೇ ಇದೆ ಎನ್ನುವುದು ಮರೆತುಹೋಗಿ.

"ಬೀಳೇ ಲೌಡಿ."

ನಾಲ್ಕು ಮೂಲೆಯ ಸ್ಪೀಕರುಗಳೂ ಅದನ್ನು ಹೇಳಿದವು.  ನನ್ನ ಹಿಂದೆ ಚಾಚಿಕೊಂಡಿದ್ದ ತೋಳುಗಳು ಒಂದೊಂದಾಗಿ ಕೆಳಗಿಳಿದವು. ಆ ಇಬ್ಬರು ಹೆಂಗಸರು ಮುಂದೆ ಬಂದು ನಮ್ಮ ಪಕ್ಕದಲ್ಲೇ ನಿಂತರು, ಒಬ್ಬಳು ದೊಡ್ಡಕ್ಕನ ಕಡೆ, ಒಬ್ಬಳು ನನ್ನ ಕಡೆ. ಪಾಸ್ಟರ ಕೈ ಇನ್ನೂ ನನ್ನ ಹಣೆಯ ಮೇಲೆಯೇ ಇತ್ತು. ಬೆವರುತ್ತಿತ್ತು.

"ಇನ್ನೊಂಚೂರು ಜೋರಾಗಿ ತಳ್ಳಿ ಅಯ್ಯನವರೇ," ಎಂದೆ. "ನಾವೇನೂ ಎಲ್ಲಿಗೂ ಹೋಗಲ್ಲ."