ಎರವಲು ಬಿಸಿಲು

ನಾನು ಒಂದು ಹಸಿರು ಇಗ್ವಾನಾ. ಹೆಸರು ಕೇಳಿ ಗಾಬರಿಯಾಗಬೇಡಿ. ನಾನೂ ಹಲ್ಲಿಯ ಬಳಗದವನೇ, ಮೈ ಮಾತ್ರ ಸ್ವಲ್ಪ ದೊಡ್ಡದು. ಬೆನ್ನಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಮುಳ್ಳುಗಳು, ಗಂಟಲ ಕೆಳಗೆ ಜೋಲುವ ಚರ್ಮ, ಮೈಗಿಂತ ಉದ್ದವಾದ ಬಾಲ. ಮೊದಲ ಸಲ ನೋಡಿದವರು ಹಿಂದೆ ಸರಿಯುತ್ತಾರೆ. ಆದರೆ ನಾನು ತಿನ್ನುವುದು ನುಗ್ಗೆಸೊಪ್ಪು, ದಾಸವಾಳ, ಕುಂಬಳಕಾಯಿಯ ತುರಿ. ಯಾರನ್ನೂ ಕಚ್ಚಿದವನಲ್ಲ.

ನಾನು ಹುಟ್ಟಿದ್ದು ದೂರದ ಊರಿನಲ್ಲಿ, ಇಂಥ ಪ್ರಾಣಿಗಳನ್ನು ಸಾಕಿ ಮಾರುವವರ ಮನೆಯ ಹಿಂದಿನ ಕೋಣೆಯಲ್ಲಿ. ತೇವವಾದ ತೆಂಗಿನ ನಾರಿನ ಪುಡಿಯೊಳಗೆ ನಮ್ಮ ಮೊಟ್ಟೆಗಳನ್ನು ಹೂತಿಟ್ಟಿದ್ದರು. ಮೂತಿಯಿಂದ ಸಿಪ್ಪೆ ಸೀಳಿ ತಲೆ ಹೊರಗೆ ಹಾಕಿದಾಗ ತಾಯಿ ಕಾಣಲಿಲ್ಲ. ಮೇಲೆ ಒಂದು ಬಲ್ಬು ಉರಿಯುತ್ತಿತ್ತು. ಅದರ ಕೆಳಗೆ ಮೈ ಚಾಚಿ ಮಲಗಿದೆ. ಬಹಳ ಕಾಲ ನಾನು ಅದನ್ನೇ ತಾಯಿ ಎಂದುಕೊಂಡಿದ್ದೆ.

ಯಾಕೆಂದರೆ ನಮ್ಮ ಬಳಗಕ್ಕೆ ಸ್ವಂತದ ಬಿಸಿ ಎಂಬುದಿಲ್ಲ. ಬಿಸಿಲಲ್ಲಿ ಕೂತರೆ ಬೆಚ್ಚಗಾಗುತ್ತೇವೆ, ನೆರಳಿಗೆ ಬಂದರೆ ತಣ್ಣಗಾಗುತ್ತೇವೆ. ತೀರಾ ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ಕಾಲು ಎತ್ತಲಾಗುವುದಿಲ್ಲ. ನಮ್ಮ ಬದುಕೆಲ್ಲ ಎರವಲು ಬಿಸಿಯ ಮೇಲೆ ನಡೆಯುತ್ತದೆ. ಅದಕ್ಕೇ ಇರಬೇಕು, ನಮ್ಮ ನೆತ್ತಿಯ ಮೇಲೆ ಇನ್ನೊಂದು ಕಣ್ಣಿದೆ. ಸಾಸಿವೆಕಾಳಿಗಿಂತ ತುಸು ದೊಡ್ಡದು, ರೆಪ್ಪೆಯಿಲ್ಲದ್ದು. ಅದಕ್ಕೆ ಮುಖ ಕಾಣುವುದಿಲ್ಲ, ಬಣ್ಣ ಕಾಣುವುದಿಲ್ಲ. ಬೆಳಕು ಬಂತು, ಬೆಳಕು ಹೋಯಿತು, ಅಷ್ಟು ಮಾತ್ರ ಅದಕ್ಕೆ ಗೊತ್ತು.

ಅಲ್ಲಿಂದ ನನ್ನನ್ನೂ ನನ್ನ ಒಡಹುಟ್ಟಿದವನೊಬ್ಬನನ್ನೂ ಧಾರವಾಡದಲ್ಲಿ ಸಾಕುಮೀನು ಮಾರುವ ಒಂದು ಅಂಗಡಿಗೆ ತಂದರು. ಅಂಗಡಿಯ ರಫೀಕಣ್ಣ ಒಳ್ಳೆಯವನೇ, ಬೆಳಿಗ್ಗೆ ಬಂದೊಡನೆ ಮೀನುಗಳಿಗಿಂತ ಮೊದಲು ನಮಗೆ ಸೊಪ್ಪು ಹಾಕುತ್ತಿದ್ದ. ಆದರೆ ಸಂಜೆ ಅಂಗಡಿ ಮುಚ್ಚುವಾಗ ಬೆಂಕಿಯ ಭಯಕ್ಕೆ ಎಲ್ಲ ದೀಪಗಳ ಜೊತೆ ನಮ್ಮ ಬಲ್ಬನ್ನೂ ಆರಿಸುತ್ತಿದ್ದ. ಶಟರ್ ಕೆಳಗಿಳಿದರೆ ನಾವಿಬ್ಬರೂ ಒಬ್ಬರ ಮೇಲೊಬ್ಬರು ಮಲಗುತ್ತಿದ್ದೆವು. ತಣ್ಣಗಿರುವ ಇಬ್ಬರು ಅಪ್ಪಿಕೊಂಡರೆ ಬಿಸಿ ಹುಟ್ಟುವುದಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ನನ್ನ ಜೊತೆಗಾರ ಏಳಲಿಲ್ಲ.

ಅದಾದ ಕೆಲವೇ ದಿನಕ್ಕೆ ಸಮರ್ಥ ಅಂಗಡಿಗೆ ಬಂದ. ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದ ಹುಡುಗ, ನನ್ನ ಕಣ್ಣಿನ ಫೋಟೊ ತೆಗೆಯಲು ಬಂದವನು ನನ್ನನ್ನೇ ಎತ್ತಿಕೊಂಡು ಹೊರಟ. ಸ್ಟುಡಿಯೋದ ಹಳೆಯ ಗಾಜಿನ ಕಪಾಟನ್ನು ಮನೆಗೆ ತಂದು, ಕೊಂಬೆ ಕಟ್ಟಿ, ಬಲ್ಬು ಹಾಕಿ ನನಗೆ ಗೂಡು ಮಾಡಿದ. ಆ ಬಲ್ಬು ಆರುತ್ತಿರಲಿಲ್ಲ. ಸ್ವರ್ಗ ಎಂದರೆ ಇದೇ ಎಂದುಕೊಂಡೆ.

ಆದರೆ ಆ ಸ್ವರ್ಗದ ಒಡತಿ ಸಮರ್ಥನ ತಾಯಿ ಶಾಂತವ್ವ. ಗೋಡೆಯ ಮೇಲೆ ಹಲ್ಲಿ ಕಂಡರೆ ಕಸಬರಿಗೆ ಹಿಡಿಯುವ ಹೆಂಗಸು. ಕಪಾಟಿನ ಮುಂದೆ ಹಾದುಹೋಗುವಾಗ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ನನಗೆ ಮೊದಮೊದಲು ಅವಳ ಪಾದಗಳಷ್ಟೇ ಪರಿಚಯ. ಒಡೆದ ಹಿಮ್ಮಡಿ, ಬೆರಳಲ್ಲಿ ಕಳಚಿದ ಕಾಲುಂಗುರದ ಹಳೆಯ ಗುರುತು. ನಸುಕಿನಿಂದ ಆ ಪಾದಗಳು ಒಂದು ಗಳಿಗೆ ನಿಂತದ್ದನ್ನು ನಾನು ಕಾಣೆ.

ನಾನು ಬೆಳೆದೆ. ಬಾಲ ಕಪಾಟಿನ ಹೊರಗೆ ಚಾಚತೊಡಗಿತು. ಶಾಂತವ್ವ ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಪಂಚಮಿ ಹಬ್ಬ ಮುಗದ ಮರುದಿನ ಇದು ನನ್ನ ಮನ್ಯಾಗ ಇರಬಾರ್ದು ನೋಡಪಾ. ಇಲ್ಲಾ ಅದು, ಇಲ್ಲಾ ನಾ."

ಸಮರ್ಥ ರಫೀಕಣ್ಣನಿಗೆ ಹೇಳಿ ಬಂದ. ರಫೀಕಣ್ಣ ವಾಪಸು ತೆಗೆದುಕೊಳ್ಳಲು ಒಪ್ಪಿದ್ದನಂತೆ. ಕೇಳಿ ನನ್ನ ಮೈ ಬಲ್ಬಿನ ಕೆಳಗೇ ತಣ್ಣಗಾಯಿತು. ಆ ಶಟರ್ ಇಳಿಯುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಹೊರಗೆ ಶ್ರಾವಣದ ಜಿಟಿಜಿಟಿ ಹಿಡಿದಿತ್ತು.

ಹಬ್ಬದ ದಿನ ಸ್ಟುಡಿಯೋಕ್ಕೆ ಹೊರಡುವ ಮುಂಚೆ ಸಮರ್ಥ ಬೇಜಾರಿನಲ್ಲೇ ತಾಯಿಗೆ ನನ್ನ ನೆತ್ತಿಯ ಕಣ್ಣಿನ ವಿಷಯ ಹೇಳಿದ. ಹೋಗುವ ಪ್ರಾಣಿ, ಒಮ್ಮೆಯಾದರೂ ಸರಿಯಾಗಿ ನೋಡು ಎಂದ. ಅವನು ಹೋದಮೇಲೆ ಆ ಪಾದಗಳು ಮೊದಲ ಸಲ ನನ್ನ ಮುಂದೆ ನಿಂತವು. ಶಾಂತವ್ವ ಬಗ್ಗಿದಳು. ನೋಡಿದಳು. ಬಹಳ ಹೊತ್ತು ನೋಡಿದಳು.

"ಮುಕ್ಕಣ್ಣ," ಎಂದಳು ಮೆಲ್ಲಗೆ.

ಪಂಚಮಿಗೆ ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದು ಆ ಸೀಮೆಯಲ್ಲಿ ಇಲ್ಲ. ಅದರಲ್ಲೂ ನಾಗಪ್ಪನ ಬಳಗದ, ಮೂರು ಕಣ್ಣಿನ ಅತಿಥಿ. ಅವಳು ನನ್ನನ್ನು ಕಪಾಟಿನ ಸಮೇತ ದೇವರ ಜಗುಲಿಯ ಹತ್ತಿರಕ್ಕೆ ಎಳೆದಳು. ಹಾಗೆ ಎಳೆಯುವಾಗ ಬಲ್ಬಿನ ವಾಯರು ಗೋಡೆಯಿಂದ ಕಿತ್ತುಬಂದದ್ದು ಅವಳಿಗೆ ತಿಳಿಯಲಿಲ್ಲ. ಭಕ್ತಿಯಿಂದ ಸರಿಯಾಗಿ ನೆತ್ತಿಯ ಕಣ್ಣಿನ ಮೇಲೆ ಕುಂಕುಮ ಹಚ್ಚಿದಳು. ನನಗೆ ಹಾಡುಹಗಲಲ್ಲೇ ಸಂಜೆಯಾಯಿತು. ಆಮೇಲೆ ಫ್ರಿಜ್ಜಿನಿಂದ ಹಾಲು ತಂದು, ಮಣ್ಣಿನ ನಾಗಪ್ಪನಿಗೆ ಎರೆಯುವ ಹಾಗೆಯೇ, ಕೊಬ್ಬರಿಬಟ್ಟಲಲ್ಲಿ ಮೊಗೆದು ಮನೆಮಂದಿಯ ಹೆಸರು ಹೇಳುತ್ತ ನನ್ನ ಬೆನ್ನ ಮೇಲೆ ಎರೆದಳು. ದೇವರ ಪಾಲು, ಗುರುವಿನ ಪಾಲು, ತೀರಿಹೋದ ಗಂಡನ ಪಾಲು, ಸಮರ್ಥನ ಪಾಲು, ತವರಿನ ಪಾಲು. ಆ ಬಳಗ ದೊಡ್ಡದು. ಪ್ರತಿ ಹೆಸರಿಗೂ ನಾನು ಇನ್ನಷ್ಟು ತಣ್ಣಗಾದೆ.

ಮೊದಲು ಬಾಲ ಮರಗಟ್ಟಿತು, ಆಮೇಲೆ ಹಿಂಗಾಲು. ನನ್ನ ಹಸಿರು ಬೂದುಬಣ್ಣಕ್ಕೆ ತಿರುಗಿತು. ಕೊನೆಗೆ ಕೊಂಬೆಯಿಂದ ಒದ್ದೆಬಟ್ಟೆಯ ಹಾಗೆ ಕೆಳಗೆ ಬಿದ್ದೆ.

ಶಾಂತವ್ವ ಮಗನಿಗೆ ಫೋನು ಹಚ್ಚಿದಳು. ಅವನು ಅವಸರದಲ್ಲಿ ಹೇಳಿದ್ದು ಇಷ್ಟೇ: ಒರೆಸು, ಬಲ್ಬು ಹಾಕು, ನಾ ಬರ್ತೀನಿ. ಒರೆಸಿದಳು. ವಾಯರು ಸಿಕ್ಕಿಸಿದಳು. ಕರೆಂಟು ಹೋಗಿತ್ತು. ಒಲೆಯ ಕಡೆ ನೋಡಿದಳು, ಬೇಡವೆಂದು ತಲೆಯಾಡಿಸಿದಳು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎಂದೂ ಮುಟ್ಟದ ನನ್ನನ್ನು ಎರಡೂ ಕೈಯಿಂದ ಎತ್ತಿ, ಸೆರಗು ಸರಿಸಿ, ಬರಿ ಹೊಟ್ಟೆಗೆ ಅವಚಿಕೊಂಡಳು.

ಆ ಗಳಿಗೆಯನ್ನು ಹೇಗೆ ಹೇಳಲಿ? ಮೇಲೆ ಬಲ್ಬು ಇರಲಿಲ್ಲ. ಸೂರ್ಯ ಮೋಡದ ಹಿಂದಿದ್ದ. ಆದರೂ ಬಿಸಿ ಬರುತ್ತಿತ್ತು. ಒಳಗಿಂದ ಬರುತ್ತಿತ್ತು. ಕಿವಿಯ ಪಕ್ಕದಲ್ಲೇ ಏನೋ ಬಡಿಯುತ್ತಿತ್ತು, ನಿಲ್ಲದೆ, ದಣಿಯದೆ, ಅವಳ ಪಾದಗಳ ಹಾಗೆಯೇ. ಈ ಮನುಷ್ಯರು ಒಳಗೊಂದು ಸೂರ್ಯನನ್ನು ಇಟ್ಟುಕೊಂಡು ಕಸ ಗುಡಿಸುತ್ತಾರೆ, ರೊಟ್ಟಿ ಬಡಿಯುತ್ತಾರೆ, ಮತ್ತು ಅದನ್ನೊಂದು ದೊಡ್ಡ ವಿಷಯವೆಂದು ಎಣಿಸುವುದೇ ಇಲ್ಲ. ಆ ಬೆರಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಪಕ್ಕದ ಮನೆಯ ಕಸ್ತೂರಿ ಜೋಕಾಲಿ ಆಡಲು ಕರೆಯಬಂದಳು. ಸೆರಗಿನಿಂದ ಹೊರಗೆ ಇಳಿಬಿದ್ದ ಬಾಲ ಕಂಡು ಬಾಗಿಲಲ್ಲೇ ನಿಂತಳು.

"ಶಾಂತಕ್ಕಾ, ಹಲ್ಲಿ ಕಂಡ್ರ ಕಸಬರಗಿ ಹಿಡಿಯಾಕಿ ನೀ. ಈಗ ನೋಡಿದ್ರ ಬಾಣಂತಿ ಆಗಿ ಕುಂತೀಯಲ್ಲ?"

"ಸಮರ್ಥ ತಿಂಗಳ ತುಂಬೂದ್ರಾಗ ಹುಟ್ಟಿದ್ದಾ," ಎಂದಳು ಶಾಂತವ್ವ, ಅವಳ ಕಡೆ ನೋಡದೆ. "ಇದರಷ್ಟ ಇದ್ದಾ. ಅವನ್ನೂ ಹಿಂಗ ಇಟಗೊಂಡಿದ್ನಿ. ನೀ ನಡಿ, ಜೋಕಾಲಿ ಎಲ್ಲಿ ಓಡಿ ಹೋಗಾಂಗಿಲ್ಲ."

ಮಾತಾಡುತ್ತಲೇ ಸೆರಗಿನ ತುದಿಯನ್ನು ಎಂಜಲು ಮಾಡಿ ನನ್ನ ನೆತ್ತಿಯ ಕುಂಕುಮ ಒರೆಸಿದಳು. ಬೆಳಕು ಬಂತು. ಅದರ ಹಿಂದೆಯೇ ಒಂದು ನೆರಳು ನನ್ನ ಮೇಲೆ ಬಗ್ಗಿತು. ನೆತ್ತಿಯ ಮೇಲೆ ನೆರಳು ಬಿದ್ದರೆ ಹದ್ದು ಬಂತೆಂದು ಓಡುವುದು ನಮ್ಮ ರಕ್ತದಲ್ಲೇ ಇದೆ. ನಾನು ಓಡಲಿಲ್ಲ.

ಸಮರ್ಥ ಓಡೋಡಿ ಬಂದಾಗ ನಾನು ಕಣ್ಣು ತೆರೆದಿದ್ದೆ. ಅವನು ಕೈ ಚಾಚಿದ. ಶಾಂತವ್ವ ಕೊಡಲಿಲ್ಲ. ಇನ್ನೂ ಪೂರ್ತಿ ಬೆಚ್ಚಗಾಗಿಲ್ಲ ಎಂದಳು. ಮರುದಿನ ರಫೀಕಣ್ಣ ಬುಟ್ಟಿ ಹಿಡಿದು ಬಂದಾಗಲೂ ಅದನ್ನೇ ಹೇಳಿ, ಅವನಿಗೆ ಹಬ್ಬದ ಉಂಡಿ ಕೊಟ್ಟು ಕಳಿಸಿದಳು.

ಅಲ್ಲಿಂದ ಮುಂದೆ ನಾನು ಅವಳವನಾದೆ. ಪಂಚಮಿಯ ಹಾಲೆಲ್ಲ ಮಣ್ಣಿನ ನಾಗಪ್ಪನಿಗೇ ಹೋಗುತ್ತಿತ್ತು, ಆದರೆ ಕೊನೆಯ ಬಟ್ಟಲು "ಮುಕ್ಕಣ್ಣನ ಪಾಲು." ಅವಳು ಸೊಪ್ಪು ಸೋಸುತ್ತ ನನ್ನೊಡನೆ ಮಾತಾಡುತ್ತಿದ್ದಳು. ತಲೆ ಮೇಲೆಕೆಳಗೆ ಆಡಿಸಿ ಗೋಣು ಹಾಕುವುದು ನನ್ನ ಬಳಗದ ಅಭ್ಯಾಸ. ಸಾರಿಗೆ ಉಪ್ಪು ಸಾಕೇನೋ ಎಂದು ಕೇಳಿದರೆ ಗೋಣು ಹಾಕುತ್ತಿದ್ದೆ. ಸಮರ್ಥನ ಮದುವೆಗೆ ಹೆಣ್ಣು ನೋಡಿ ಬಂದ ದಿನವೂ ಕೇಳಿದಳು. ಆಗಲೂ ಹಾಕಿದೆ. ಸೊಸೆ ಈಗಲೂ ಆ ಮಾತಿಗೆ ನಗುತ್ತಾಳೆ.

ಈಗ ನನಗೆ ವಯಸ್ಸಾಗಿದೆ. ಪೊರೆ ಕಳಚುವುದು ನಿಧಾನ, ಬಾಲದ ತುದಿ ಉದುರಿದೆ. ಶಾಂತವ್ವನಿಗೂ ವಯಸ್ಸಾಗಿದೆ. ಆ ಪಾದಗಳು ಈಗ ನಿಂತಿವೆ. ಪಡಸಾಲೆಯ ಕುರ್ಚಿಯಲ್ಲಿ, ಉಲ್ಲನ್ ಕಾಲುಚೀಲದೊಳಗೆ. ಮಾಳಿಗೆ ಹತ್ತಲು ಅವಳಿಂದ ಆಗುವುದಿಲ್ಲ, ಬಿಸಿಲು ಪಡಸಾಲೆಯ ತನಕ ಬರುವುದಿಲ್ಲ. ಈ ಚಳಿಗಾಲ ಸೊಸೆ ಶಾಲು ಹೊದಿಸಿದರೂ ಅವಳ ಕೈ ತಣ್ಣಗೇ ಇರುತ್ತದೆ. ಅವಳ ಒಳಗಿನ ಸೂರ್ಯನೂ ಇಳಿಹೊತ್ತಿಗೆ ಬಂದನೇನೋ.

ನಾನು ಬೆಳಿಗ್ಗೆಯೇ ಮಾಳಿಗೆಗೆ ಹೋಗುತ್ತೇನೆ. ಕಾದ ಹಾಸುಗಲ್ಲಿನ ಮೇಲೆ ಹೊಟ್ಟೆಯೂರಿ, ಹಿಡಿಸುವಷ್ಟೂ ಬಿಸಿಲನ್ನು ಹೀರಿಕೊಳ್ಳುತ್ತೇನೆ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು, ಎಲ್ಲಿಯೂ ನಿಲ್ಲದೆ, ನೆರಳಲ್ಲಿ ತಡಮಾಡದೆ, ಅವಳ ಕುರ್ಚಿಯ ತನಕ ಬಂದು ಮಡಿಲಿಗೆ ಹತ್ತುತ್ತೇನೆ.

ಅವಳು ಎರಡೂ ಕೈಗಳನ್ನು ನನ್ನ ಹೊಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ. ಇವತ್ತು ಹಾಗೆ ಇಟ್ಟುಕೊಂಡು ನನ್ನ ಕಡೆ ಬಗ್ಗಿದಳು.

"ಎಷ್ಟು ಬೆಚ್ಚಗ ಅದೀಯೋ ಮುಕ್ಕಣ್ಣಾ," ಎಂದಳು. "ನನಗಂತ ತಂದಿಯೇನು?"

ನಾನು ಗೋಣು ಹಾಕಿದೆ.