ಮುಚ್ಚಿದ ಗ್ರಂಥಾಲಯಕ್ಕೆ ಹಾಕಿದ ಚೀಟಿ

ನಾರ್ವೆಯ ಬಡಗಣ ತುದಿಯ ಆ ಊರಲ್ಲಿ ಚಳಿಗಾಲದ ನಡುಹಗಲಲ್ಲೂ ಸೂರ್ಯ ಮುಖ ತೋರಿಸುವುದಿಲ್ಲ. ಆಸ್ಪತ್ರೆಯ ಕಿಟಕಿಯಾಚೆ ನೀಲಿಗತ್ತಲೆ. ಡಾಕ್ಟರ್ ಆಸ್‌ಲೌಗ್ ಮೀನುಗಾರ ಯೋಸ್ಟೈನನ ಬೆರಳನ್ನು ಮತ್ತೆ ನೋಡಿದಳು. ಬದನೆಕಾಯಿಯ ಹಾಗೆ ಊದಿತ್ತು. ಪೆನಿಸಿಲಿನ್‌ಗೆ ಜಗ್ಗಿರಲಿಲ್ಲ. ಸಂಜೆಗೆ ಕತ್ತರಿಸುವುದೆಂದು ತೀರ್ಮಾನವಾಗಿತ್ತು.

“ಮೀನು ಸೀಳುವಾಗ ಚಾಕು ತಾಗ್ತು ಅಂದೆನಲ್ಲ,” ಎಂದ ಅವನು, ಕಣ್ಣು ತಪ್ಪಿಸಿ. “ಬೆರಳಿಲ್ದೆ ಬಲೆ ಹೆಂಗೆ ಎಳೀಲಿ ಡಾಕ್ಟ್ರೇ? ನೀವು ಬಂದು ಎಳ್ಕೊಡ್ತೀರಾ?”

ಅವಳು ಅಭ್ಯಾಸಬಲದಿಂದ ನೆಲಮಾಳಿಗೆಗೆ ಇಳಿದಳು. ತಿಳಿಯದ್ದನ್ನು ಚೀಟಿಯಲ್ಲಿ ಬರೆದು ಗ್ರಂಥಾಲಯದ ಬಾಗಿಲ ಸೀಳಿಗೆ ಹಾಕುವುದು ಅಲ್ಲಿನ ವೈದ್ಯರ ರೂಢಿ. ಗ್ರಂಥಪಾಲಕಿ ಗುಡ್ರೂನ್ ಪುಸ್ತಕ ತಡಕಿ, ಕಾಫಿಯ ಹೊತ್ತಿಗೆ ವಾರ್ಡಿಗೇ ಉತ್ತರ ತರುತ್ತಿದ್ದಳು. ತನ್ನ ಚೀಟಿ ಒಳಗೆ ಬಿದ್ದ ಮೇಲೆ ಆಸ್‌ಲೌಗ್‌ಗೆ ನೆನಪಾಯಿತು: ಗ್ರಂಥಾಲಯ ಮುಚ್ಚಿದೆ. ಎಲ್ಲ ಕಂಪ್ಯೂಟರಿನಲ್ಲಿದೆಯಂತೆ! ಆಡಳಿತದವರು ಪುಸ್ತಕಗಳನ್ನು ಅನಾಥ ಹೆಣಗಳಂತೆ ಕಸದ ಲಾರಿಗೆ ಸುರಿದಿದ್ದರು. ಅದಾದ ಸ್ವಲ್ಪ ದಿನಕ್ಕೇ ಗುಡ್ರೂನ್ ತೀರಿಕೊಂಡಿದ್ದಳು.

ಒಳಗೆ ಕುರ್ಚಿ ಸರಿಯಿತು.

ಹಾಳೆ ಮಗುಚುವ ಸದ್ದು. ಆಸ್‌ಲೌಗ್ ಬಾಗಿಲ ಗಾಜಿಗೆ ಹಣೆಯೊತ್ತಿ ನೋಡಿದಳು. ಬರಿದಾದ ಕಪಾಟುಗಳು, ಧೂಳು. ಸದ್ದು ನಿಂತಿತು. ಸೀಳಿನಿಂದ ಅವಳದೇ ಚೀಟಿ ಹೊರಬಂತು. ಹಿಂಬದಿಯಲ್ಲಿ ಗುಡ್ರೂನಳ ವಾಲು ಅಕ್ಷರ: ‘ಸೀಲ್ ಪ್ರಾಣಿ ಮುಟ್ಟಿದ್ದನಾ ಕೇಳು. ಹಳೇ ಬೇಟೆಗಾರರ ಬೆರಳುರೋಗ ಇದು. ಟೆಟ್ರಾಸೈಕ್ಲಿನ್ ಕೊಡು. ಕತ್ತರಿಸಬೇಡ.’

“ಸೀಲ್ ಹೊಡೆದ್ಯಾ?” ವಾರ್ಡಿಗೆ ಓಡಿಬಂದು ಕೇಳಿದಳು.

ಯೋಸ್ಟೈನ್ ಬಿಳಿಚಿಕೊಂಡ. “ಯಾರು ಹೇಳಿದ್ರು? ಪರವಾನಗಿ ಇಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ. ದೋಣೀಲಿ ನಾನೊಬ್ನೇ ಇದ್ದದ್ದು, ದೇವ್ರಾಣೆ!”

ಔಷಧಿ ಬದಲಾಯಿತು. ಊತ ಮೆಲ್ಲಗೆ ಇಳಿದು, ಬೆರಳು ಮತ್ತೆ ಮಡಚಲು ಬಂತು.

ಆಡಳಿತಾಧಿಕಾರಿ ಹಾಕೂನ್ ಹಲ್ಲು ಕಿಸಿದ. “ನೋಡಿದ್ಯಾ ಆಸ್‌ಲೌಗ್? ಪುಸ್ತಕ ಇಲ್ದೇನೂ ವಾಸಿಯಾಯ್ತು. ಆ ಕೋಣೆ ಗೋಡೆ ಒಡೆಸಿಬಿಡ್ತೀನಿ.”

ಅವಳಿಗೆ ಮೈಯೆಲ್ಲ ಉರಿಯಿತು. “ಒಡೆಸೋಕ್ಮುಂಚೆ ಕೆಳಗೆ ಬಾ,” ಎಂದು ಅವನ ತೋಳು ಹಿಡಿದು ಎಳೆದೊಯ್ದಳು.

ಮೆಟ್ಟಿಲ ಕೊನೆಯಲ್ಲಿ ಅವಳೇ ಬೆಚ್ಚಿ ನಿಂತಳು. ಬೀಗ ಹಾಕಿದ ಬಾಗಿಲ ಮುಂದೆ ಆಸ್ಪತ್ರೆಯ ವೈದ್ಯರು, ನರ್ಸುಗಳು ಕೈಯಲ್ಲಿ ಚೀಟಿ ಹಿಡಿದು ಸಾಲುಗಟ್ಟಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

“ಏನ್ರೀ ಇದು, ಹುಚ್ಚಾ ನಿಮ್ಗೆಲ್ಲ?” ಹಾಕೂನ್ ಗದರಿದ.

ಮುಂದಿದ್ದ ಮುದಿ ಸರ್ಜನ್ ತಿರುಗಿ, ತುಟಿಯ ಮೇಲೆ ಬೆರಳಿಟ್ಟ.

“ಶ್! ಓದ್ತಾ ಇದ್ದಾಳೆ.”