ಎಂಜಿನ್ ಗಂಟಲಲ್ಲಿ ಭಂಡಾರ

ಮಾಗನೂರು ಹತ್ತಿರದ ಒಂದು ಹಳ್ಳಿ. ಅಲ್ಲಿ ಕುರಿಗಾರ ಪೆದ್ದಪ್ಪನ ಮನೆ. ಆದರೆ ಪೆದ್ದಪ್ಪ ಮನೆಯಲ್ಲಿ ಇರುವುದು ಕಡಿಮೆ. ಹಿಂಡಿನ ಜೊತೆ ಕೃಷ್ಣೆಯ ದಂಡೆಯ ಹೊಲಗಳಲ್ಲೇ ಅವನ ವಾಸ. ಅವನಿಗೆ ದಿನಾ ಬುತ್ತಿ, ಎರಡು ಕ್ಯಾನ್ ಕುಡಿಯುವ ನೀರು, ಕುರಿಗಳ ಔಷಧಿ ಮುಟ್ಟಿಸುವುದು ಮಗ ಗೋಪಾಲನ ಕೆಲಸ. ಬರುವಾಗ ಹೊಸದಾಗಿ ಹುಟ್ಟಿದ ಮರಿಗಳು ಚೀಲದಲ್ಲಿ ಕೂತು, ತಲೆ ಮಾತ್ರ ಹೊರಗೆ ಹಾಕಿ, ಊರು ನೋಡುತ್ತಾ ಬರುತ್ತವೆ.

ಇಷ್ಟನ್ನೂ ಎಳೆಯುವುದು ಹನ್ನೊಂದು ವರ್ಷದ ಒಂದು ನೂರು ಸಿಸಿ ಬೈಕು. ದಂಡೆಯಿಂದ ದೊಡ್ಡ ರಸ್ತೆಗೆ ಹತ್ತುವ ಏರು ಬಂತೆಂದರೆ ಅದಕ್ಕೆ ಏದುಸಿರು. ಗೋಪಾಲ ಇಳಿದು ತಳ್ಳಬೇಕು. ಮರಿಗಳು ಚೀಲದಿಂದ ‘ಮ್ಯಾ’ ಎಂದು ಹುರಿದುಂಬಿಸಬೇಕು.

“ಎಷ್ಟು ದಿನ ತಳ್ಳೂದು? ಗಾಡಿಗೆ ಪಿಕಪ್ಪು ಬೇಕು,” ಎಂದ ಗೋಪಾಲ.

ಮನೆಯಲ್ಲಿ ಪೆದ್ದಪ್ಪ ಒಬ್ಬ ಸಾಲದು ಎಂದು ಪಿಕಪ್ಪನೂ ಬಂದ! ರಸ್ತೆ ಬದಿಯ ಒಬ್ಬ ಮೇಸ್ತ್ರಿ ಎಂಜಿನ್ ಬಿಚ್ಚಿದ. ಸಿಲಿಂಡರನ್ನು ಕೊರೆದು ಅಗಲ ಮಾಡಿ, ಬೇರೆ ಗಾಡಿಯ ದೊಡ್ಡ ಪಿಸ್ಟನ್ ಕೂರಿಸಿದ. “ಇದರಿಂದ ಎಂಜಿನ್‌ಗೆ ಉಸಿರು ಕಟ್ಟತೈತಿ” ಎಂದು ಏರ್ ಫಿಲ್ಟರ್ ಕಿತ್ತು ಕೈಗೆ ಕೊಟ್ಟ. ಸೈಲೆನ್ಸರಿನ ಹೊಟ್ಟೆ ಖಾಲಿ ಮಾಡಿ ಬರೀ ಕೊಳವೆ ಉಳಿಸಿದ. “ಏನರ ಆದ್ರ?” ಎಂದು ಗೋಪಾಲ ಕೇಳಿದ್ದಕ್ಕೆ, “ಏಂ ಕಾದನ್ನಾ, ಏನೂ ಆಗಲ್ಲ” ಎಂದು ತೆಲುಗು, ಕನ್ನಡ ಎರಡೂ ಭಾಷೆಯಲ್ಲಿ ಧೈರ್ಯ ಹೇಳಿದ.

ಮನೆ ಮುಂದೆ ಗಾಡಿಗೆ ಪೂಜೆಯಾಯಿತು. “ಚಾಲೂನೇ ಇರಲಿ, ಬೀರಪ್ಪ ದೇವರಿಗೂ ದನಿ ಕೇಳಲಿ,” ಎಂದಳು ತಾಯಿ ಕಿಷ್ಟಮ್ಮ. ಎಂಜಿನ್ ಗರ್ಜಿಸುತ್ತಿರುವಾಗಲೇ, ದೇವರ ಮೇಲೆ ಎರಚುವ ಹಾಗೆ, ಮುಷ್ಟಿ ಮುಷ್ಟಿ ಅರಿಶಿನ ಪುಡಿಯ ಭಂಡಾರ ಎರಚಿದಳು. ಬೈಕು, ಮಗ, ಬಾಗಿಲಲ್ಲಿ ಮಲಗಿದ್ದ ನಾಯಿ, ಎಲ್ಲವೂ ಅರಿಶಿನ ಬಣ್ಣವಾದವು.

ಮಾರನೆಯ ದಿನ ಬೈಕು ಆ ಏರನ್ನು ಸರ್ರನೆ ಹತ್ತಿತು. ಗೋಪಾಲ ಮೀಸೆ ತಿರುವಿದ. ಅವನ ಹೆಂಡತಿ ಝಾನ್ಸಿಗೆ ಮಾತ್ರ ಸಮಾಧಾನವಿಲ್ಲ.

ಝಾನ್ಸಿಯ ಕಿವಿ ಅಂಥದ್ದು. ಇಡೀ ಹಿಂಡಿನಲ್ಲಿ ಯಾವ ಕುರಿ ಕೂಗಿತೆಂದು ಕಣ್ಣು ಮುಚ್ಚಿ ಹೇಳುತ್ತಾಳೆ. ಹಾಗೇ ಕೂಗಿಯೂ ತೋರಿಸುತ್ತಾಳೆ. ತಾಯಿ ಕುರಿಗಳೇ ಮೋಸ ಹೋಗಿ ಓಡಿಬರುತ್ತವೆ. ಹತ್ತನೆಯ ದಿನ ಬೆಳಿಗ್ಗೆ ಅವಳು ಗಂಡನನ್ನು ತಡೆದಳು.

“ಏನ್ರೀ, ಗಾಡಿ ದನಿ ಬದಲಾಗೈತಿ.”

“ಪವರ್ ಬಂದೈತಿ, ಅದಕ್ಕ.”

“ಅದು ಪವರ್ ದನಿ ಅಲ್ಲರೀ. ಬ್ಯಾನಿ ದನಿ.”

“ನಿನಗ ಗಾಡೀನೂ ಕುರಿ ಕಂಡಂಗ ಕಾಣ್ತೈತಿ. ನಾಳೆ ಇದಕ್ಕ ಹಿಕ್ಕಿ ಹಾಕು ಅಂತೀಯೇನು?”

“ಹಿಕ್ಕಿ ಹಾಕವಲ್ದು, ನೀಲಿ ಹೊಗಿ ಹಾಕಾಕತ್ತೈತಿ. ಹಿಂದ ತಿರುಗಿ ನೋಡ್ರಿ.”

ಗೋಪಾಲ ತಿರುಗಿ ನೋಡಲಿಲ್ಲ. ಪೆದ್ದಪ್ಪನಿಗೆ ಎರಡು ದಿನದಿಂದ ಜ್ವರ. ನೋಡಿ ಬರಲು ಕಿಷ್ಟಮ್ಮನೂ ಹೊರಟಿದ್ದಳು. ಬುತ್ತಿ ಗಂಟನ್ನು ತೊಡೆಯ ಮೇಲಿಟ್ಟು ಮಗನ ಹಿಂದೆ ಕೂತಳು. ಬೈಕು ದೊಡ್ಡ ರಸ್ತೆಯ ಕಡೆ ಹೋಯಿತು. ಆ ರಸ್ತೆಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತವೆ.

ಝಾನ್ಸಿಗೆ ಒಲೆಯ ಮುಂದೆ ಕೂರಲಾಗಲಿಲ್ಲ. ಚಿಕ್ಕಮ್ಮನ ಮಗಳು ಶಿರಿಷಾಗೆ ಫೋನ್ ಮಾಡಿದಳು. ಶಿರಿಷಾ ನಾರಾಯಣಪೇಟೆಯಲ್ಲಿ ಐಟಿಐ ಓದಿ, ಮಕ್ತಲ್‌ನಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟವಳು.

“ಏನು ದನಿ ಬರ್ತೈತಿ ಅಕ್ಕಾ? ಮಾಡಿ ತೋರಿಸು.”

“ಬೆಳಿಗ್ಗೆ ತಣ್ಣಗಿದ್ದಾಗ, ಕಟಕಟ ಕಟಕಟ.”

“ಕಾದ ಮ್ಯಾಲ?”

“ನಿನ್ನೆ ನಾನೂ ಹಿಂದ ಕುಂತಿದ್ದೆ. ಏರು ಹತ್ತೋ ಮುಂದ, ಟಿಣಿಟಿಣಿ ಟಿಣಿಟಿಣಿ. ಡಬ್ಬಿದಾಗ ಕಡಲಿಕಾಳು ಹಾಕಿ ಅಲುಗಾಡಿಸಿದಂಗ.”

ಆ ಕಡೆಯಿಂದ ಶಿರಿಷಾ ತಟ್ಟನೆ ಕೇಳಿದಳು: “ಭಾವ ಎಲ್ಲಿ?”

“ಹೋದ್ರು. ಹಿಂದ ಅತ್ತಿ ಕುಂತಾರ.”

“ಜಲ್ದಿ ಫೋನ್ ಹಚ್ಚು. ಗಾಡಿ ನಿಂದ್ರಸಾಕ ಹೇಳು. ಎಂಜಿನ್ ಕಾದು ಪಿಸ್ಟನ್ ಒಮ್ಮೆಲೇ ಕಚ್ಚಿಕೊಂಡ್ರ, ಹಿಂದಿನ ಗಾಲಿ ಓಡತಾ ಓಡತಾನೇ ಬಿಗಿ ಹಿಡಿತೈತಿ!”

ಝಾನ್ಸಿ ಫೋನ್ ಹಚ್ಚಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಆ ಕೊಳವೆಯ ಅಬ್ಬರದಲ್ಲಿ ಜೇಬಿನ ಫೋನು ಯಾರಿಗೆ ಕೇಳಬೇಕು? ಏಳು ಸಲ ಹಚ್ಚಿದಳು. ಎಂಟನೆಯ ಸಲ ಅವಸರದಲ್ಲಿ ಬೇರೆ ಯಾರಿಗೋ ಹೋಯಿತು.

ಅತ್ತ ಗೋಪಾಲ ದೊಡ್ಡ ರಸ್ತೆಯಲ್ಲಿ ಜೋರಾಗೇ ಹೋಗುತ್ತಿದ್ದ. ಮುಂದೆ ಯಾರದೋ ಕುರಿಹಿಂಡು ರಸ್ತೆ ದಾಟುತ್ತಿತ್ತು. ಬೇರೆಯವರಾಗಿದ್ದರೆ ಹಾರ್ನ್ ಹೊಡೆದು ನಡುವೆ ನುಗ್ಗುತ್ತಿದ್ದರೇನೋ. ಕುರಿಗಾರರ ಮಗ ಹಾಗೆ ಮಾಡುವುದಿಲ್ಲ. ವೇಗ ತಗ್ಗಿಸಿ, ಗಾಡಿಯನ್ನು ಮಣ್ಣಿನ ಅಂಚಿಗೆ ಇಳಿಸಿದ. ಆಗಲೇ ‘ಕರ್‌ರ್‌ರ್’ ಎಂದಿತು. ಹಿಂದಿನ ಗಾಲಿ ತಿರುಗುವುದನ್ನೇ ಬಿಟ್ಟು ಉಜ್ಜಿಕೊಂಡು ಹೋಯಿತು. ತಾಯಿ, ಮಗ, ಬುತ್ತಿ, ನೀರಿನ ಕ್ಯಾನು ಎಲ್ಲ ಹತ್ತಿಯ ಹೊಲದ ಬದುವಿಗೆ ಉರುಳಿದವು. ಅವರು ಎದ್ದು ಕೂರುವ ಮೊದಲೇ ಹಿಂಡು ದಾಟಿ ಮುಗಿದು, ಹಿಂದೆಯೇ ಎರಡು ಲಾರಿ ಬುರ್ರೆಂದು ಹೋದವು.

ಕಿಷ್ಟಮ್ಮನ ಮೊಣಕೈ ತರಚಿತ್ತು. ಅಷ್ಟೇ. ಗೋಪಾಲ ಲಾರಿಗಳು ಹೋದ ಕಡೆ ನೋಡಿ, ತಾಯಿಯ ಕೈ ಹಿಡಿದು ಎಬ್ಬಿಸಿದ. ಆಗ ಜೇಬಿನ ಫೋನು ಕೇಳಿಸಿತು.

ಶಿರಿಷಾ ಟ್ರಾಲಿ ಆಟೋ ತಂದಳು. ದಾರಿಯಲ್ಲಿ ಝಾನ್ಸಿಯನ್ನೂ ಹತ್ತಿಸಿಕೊಂಡಿದ್ದಳು. ಬುತ್ತಿಯನ್ನು ಬೇರೆಯವರ ಕೈಯಲ್ಲಿ ಪೆದ್ದಪ್ಪನಿಗೆ ಕಳಿಸಿ, ಎಲ್ಲರೂ ಮಕ್ತಲ್‌ನ ಅಂಗಡಿಗೆ ಬಂದರು. ಶಿರಿಷಾ ಎಂಜಿನ್ ಬಿಚ್ಚಿದಳು. ಕಾರ್ಬುರೇಟರಿನ ಬಾಯಿಗೆ ಬೆರಳು ಹಾಕಿ ತೆಗೆದಳು. ಬೆರಳ ತುದಿ ಹಳದಿ.

ಕಿಷ್ಟಮ್ಮನ ಮುಖ ಬಿಳಿಚಿತು. “ಭಂಡಾರ! ಯವ್ವಾ, ನನ್ನ ಕೈಯಾರ ನಾನೇ ಕೆಡಿಸಿದ್ನೇನ?”

“ಇಲ್ಲ ಅತ್ತಿ. ಭಂಡಾರ ಕೆಡಿಸಿಲ್ಲ, ಭಂಡಾರ ಸಾಕ್ಷಿ ಹೇಳಾಕತ್ತೈತಿ. ಫಿಲ್ಟರ್ ಇದ್ದಿದ್ರ ಇದು ಇಲ್ಲಿಗೆ ಬರ್ತಿದ್ದಿಲ್ಲ. ಒಂದು ದಿನ ಎರಚಿದ್ದೇ ಇಷ್ಟು ಒಳಗ ಬಂತು ಅಂದ್ರ, ಹತ್ತು ದಿನದ ರಸ್ತೆ ಧೂಳು ಎಷ್ಟು ಹೋಗಿರಬೇಕು? ಇಲ್ಲಿ ಮುಟ್ರಿ.”

ಕಿಷ್ಟಮ್ಮ ಪಿಸ್ಟನ್ ಮುಟ್ಟಿದಳು. ಮೈಯೆಲ್ಲ ಬೆಕ್ಕು ಪರಚಿದ ಹಾಗೆ ಗೀರು.

“ಧೂಳು ಅರ್ಧ ತಿಂತು. ಉಳಿದರ್ಧ ಬಿಸಿ ತಿಂತು,” ಎಂದಳು ಶಿರಿಷಾ. “ಫಿಲ್ಟರ್ ಕಿತ್ತ ಮ್ಯಾಲ ಗಾಳಿ ಹೆಚ್ಚಾತು, ಪೆಟ್ರೋಲ್ ಕಡಿಮಿ ಬಿತ್ತು. ಎಂಜಿನ್ ಬೆಂಕಿ ಆತು. ದೊಡ್ಡ ಪಿಸ್ಟನ್ ಸಲುವಾಗಿ ಕೊರೆದು ಕೊರೆದು ಸಿಲಿಂಡರ್ ಗೋಡಿ ಹಪ್ಪಳ ಆಗೈತಿ. ಅಕ್ಕ ಕೇಳಿದ ಟಿಣಿಟಿಣಿ ಆ ಬಿಸೀದೇ ದನಿ.”

ಗೋಪಾಲನ ಅನುಮಾನ ಇನ್ನೂ ಹೋಗಿರಲಿಲ್ಲ. “ಹಂಗಾರ ನಾ ಸಾಯೂತನಕ ಏರಿನಾಗ ತಳ್ಳಬೇಕೇನು?”

“ಯಾಕ ಭಾವ? ನಿಮಗ ಬೇಕಾದ್ದು ಓಟಾನೋ, ಎಳೆಯೋ ಶಕ್ತೀನೋ?”

“ಎಳೆಯೋದು.”

“ಅದನ್ನ ಮೊದಲೇ ಹೇಳಬೇಕಿಲ್ಲೋ! ಹಳೆ ಎಂಜಿನ್‌ದಾಗ ಉಸಿರು ಸೋರತಿತ್ತು, ಅಷ್ಟೇ. ಈ ಸಿಲಿಂಡರ್ ಹೋತು, ಬೇರೆ ಹಾಕಬೇಕು. ನಿಮ್ಮ ಗಾಡಿದೇ ಸಿಲಿಂಡರ್, ಅದಕ್ಕ ಜೋಡಿ ಪಿಸ್ಟನ್, ರಿಂಗ್. ವಾಲ್ವ್ ತೆರೆಯೋ ಟ್ಯಾಪೆಟ್ ಅಳತಿ ನೋಡಿ ಸರಿ ಮಾಡ್ತೀನಿ. ಹಿಂದಿನ ಚೈನ್ ಚಕ್ರ ಎರಡು ಹಲ್ಲು ದೊಡ್ಡದು ಹಾಕ್ತೀನಿ. ಓಟ ಸ್ವಲ್ಪ ಇಳಿತೈತಿ, ಏರಿನಾಗ ಎಳಿತೈತಿ. ಫಿಲ್ಟರ್, ಸೈಲೆನ್ಸರ್ ವಾಪಸ್. ಎಂಜಿನ್ ಸೈಜ್ ಬದಲು ಮಾಡೂದು ಕಾನೂನಿಗೂ ಒಪ್ಪಂಗಿಲ್ಲ. ಏನರ ಆದಾಗ ಇನ್ಶೂರೆನ್ಸಿನವರೂ ತಕರಾರು ತೆಗೀತಾರ.”

“ಆಮ್ಯಾಲ ನಾಳೆಯಿಂದನೇ ಎರಡು ಕ್ಯಾನ್ ಹೊರತೈತಿ?”

“ಭಾವ, ನಿನ್ನೆ ಹುಟ್ಟಿದ ಮರೀನ್ನ ಹಿಂಡಿನ ಕೂಡ ಹತ್ತು ಮೈಲಿ ನಡೆಸ್ತೀರೇನು?”

ಗೋಪಾಲ ನಕ್ಕುಬಿಟ್ಟ. “ಚೀಲದಾಗ ಹೊತ್ತು ತರ್ತೀನಿ.”

“ಹೊಸ ಪಿಸ್ಟನ್ನೂ ಮರೀನೇ. ಐನೂರು ಕಿಲೋಮೀಟರ್ ಭಾರ ಬ್ಯಾಡ, ಜೋರು ಬ್ಯಾಡ. ಆಮ್ಯಾಲ ಎಣ್ಣಿ ಬದಲು ಮಾಡಿಸ್ರಿ, ಪುಸ್ತಕದಾಗ ಬರೆದ ಎಣ್ಣೀನೇ.”

ಪೆದ್ದಪ್ಪನ ಜ್ವರ ಇಳಿಯಿತು. ಗೋಪಾಲ ಮೂರು ವಾರ ಬುತ್ತಿಯೊಂದನ್ನೇ ಹೊತ್ತು, ಮೆಲ್ಲಗೆ ಓಡಿಸಿದ. ಊರವರು “ಏನಪ್ಪಾ, ಗಾಡಿ ಬಾಣಂತಿ ಆಗೈತೇನು?” ಎಂದು ಕಾಡಿಸಿದರು. ನಾಲ್ಕನೆಯ ವಾರ ಎರಡು ಕ್ಯಾನ್, ಮರಿಗಳ ಚೀಲ ಕಟ್ಟಿ ಏರು ಹತ್ತಿಸಿದ. ಇಳಿಯಲಿಲ್ಲ. ತಳ್ಳಲಿಲ್ಲ.

ಮತ್ತೆ ಪೂಜೆಯ ದಿನ ಕಿಷ್ಟಮ್ಮ ತಟ್ಟೆ ಹಿಡಿದು ಬಂದು, “ಮೊದಲು ಬಂದ್ ಮಾಡಲೇ,” ಎಂದಳು. ಒಂದೇ ಬೆರಳಿನಲ್ಲಿ ಹೆಡ್‌ಲೈಟಿನ ಹಣೆಗೆ ಭಂಡಾರ ಇಟ್ಟಳು. ಆಮೇಲೆ ಗೋಪಾಲ ಕಿಕ್ ಹೊಡೆದು, ಹೆಂಡತಿಯ ಕಡೆ ತಿರುಗಿ ನೋಡಿದ. ಈ ಸಲ ಅವನೇ ಕೇಳಿದ: “ಹೆಂಗೈತಿ ದನಿ?”

ಝಾನ್ಸಿ ಕಣ್ಣು ಮುಚ್ಚಿ ಕೇಳಿದಳು. ತುಟಿ ಮುಚ್ಚಿಕೊಂಡು, ಮಲಗಿದ ಮಗುವಿನ ಗೊರಕೆಯಂತೆ, ಅದೇ ದನಿ ಮಾಡಿ ತೋರಿಸಿದಳು. “ಹೋಗಿ ಬರ್ರಿ,” ಎಂದಳು.

ಅಣ್ಣಂದಿರೇ, ತಮ್ಮಂದಿರೇ, ಇದನ್ನು ಓದಿ ಮಡಿಸಿ ಇಡುವ ಮೊದಲು ಒಮ್ಮೆ ನಿಮ್ಮ ಗಾಡಿಯ ಹತ್ತಿರ ಹೋಗಿ. ಏರ್ ಫಿಲ್ಟರ್ ಇದೆಯೇ, ಎಣ್ಣೆ ಮಟ್ಟಕ್ಕಿದೆಯೇ ನೋಡಿ. ಶಕ್ತಿ ಬೇಕಾದರೆ, ಎಂಜಿನ್ನಿನ ಅಳತೆ ಗೊತ್ತಿರುವವರ ಕೈಗೆ ಗಾಡಿ ಕೊಡಿ. “ಏನೂ ಆಗಲ್ಲ” ಎನ್ನುವವರ ಕೈಗೆ ಕೊಡಬೇಡಿ. ಮನೆಯಲ್ಲಿ ಯಾರಾದರೂ “ದನಿ ಬದಲಾಗೈತಿ” ಎಂದರೆ ನಗಬೇಡಿ. ಗಾಡಿ ನಿಲ್ಲಿಸಿ, ಕೇಳಿ. ನಿಮ್ಮ ಹಿಂದೆ ಕೂತಿರುವುದು ನಿಮ್ಮ ತಾಯಿ.